ಗೊಬ್ಬರದ ಗುಡ್ಡೆಗೆ ಬೀಗರೂಟ

ಹಾಸನದ ಕಡೆ ಒಂದೂರು. ಅಲ್ಲಿ ಚಿಕ್ಕತಾಯಮ್ಮ, ಅವಳ ಮಗ ಜವರಾಯಿ. ಆಳು ಬೆಳೆದು ಜಂತೆ ಮುಟ್ಟುತ್ತಿದ್ದ, ಬುದ್ಧಿ ಮಾತ್ರ ಇನ್ನೂ ಅಂಬೆಗಾಲಲ್ಲಿತ್ತು. ಹೇಳಿದ ಮಾತು ಕೇಳುವುದಿಲ್ಲ ಎನ್ನುವ ಹಾಗಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅವ್ವನಿಗೆ ಅದೇ ತಲೆನೋವು.

ಹೋದ ವರ್ಷ ಅವರ ಆಲೂಗಡ್ಡೆಯೆಲ್ಲ ಮಣ್ಣಲ್ಲೇ ಕೊಳೆತುಹೋಗಿತ್ತು. ಈ ಸಲಕ್ಕೆ ಅಟ್ಟದ ಮೇಲೆ ಉಳಿದದ್ದು ಒಂದಿಷ್ಟು ಬಿತ್ತನೆ ಗೆಡ್ಡೆ. ಅದೂ ಹೋದರೆ ಹೊಲ ಬೀಳು. ರೈತ ಕೇಂದ್ರದ ಸುಗುಣ ಮೇಡಂ ಒಂದು ದಾರಿ ತೋರಿಸಿದ್ದರು: "ಜೀವಾಣು ಪುಡಿ ಕೊಡ್ತೀನಿ. ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ, ಸಾಲಿಗೆ ಹಾಕಿ, ಆಮೇಲೆ ಗೆಡ್ಡೆ ನೆಡಿ. ಕೊಳೆರೋಗದ ಬೂಷ್ಟನ್ನ ಅವೇ ತಿಂದುಹಾಕ್ತವೆ."

"ಹೋಗಿ ಪುಡಿ ತಗೊಂಬಾ ಮಗ. ಎಲ್ಲೂ ಕೆಳಗಿಡಬ್ಯಾಡ, ತಲೆ ಮ್ಯಾಲೆ ಹೊತ್ಕೊಂಡು ಬಾ," ಎಂದಳು ಅವ್ವ.

ಹೊತ್ತ. ದಾರಿಯಲ್ಲಿ ಕಬಡ್ಡಿ ಕಂಡಿತು, ನಿಂತ. ಪೊಟ್ಟಣ ತಲೆಯ ಮೇಲೇ ಇತ್ತು, ತಲೆ ಬಿಸಿಲಲ್ಲಿತ್ತು. ಆಟ ಮುಗಿಯುವಷ್ಟರಲ್ಲಿ ಪುಡಿ ಹುರಿಹಿಟ್ಟಾಗಿತ್ತು.

"ಅಯ್ಯೋ ಪೆದ್ದ, ಅದ್ರೊಳಗೆ ಜೀವ ಇತ್ತು ಕಣ್ಲಾ. ಬಿಸಿಲಿಗೆ ಸತ್ತೋಯ್ತು. ಒದ್ದೆ ಗೋಣಿ ಸುತ್ಕೊಂಡು ತರಬೇಕು."

"ಹೂಂ ಕಣವ್ವ, ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಮಾರನೇ ದಿನ ಉಪ್ಪು ತರಲು ಕಳಿಸಿದಳು. ಒದ್ದೆ ಗೋಣಿ ಸುತ್ತಿದ, ಬೆನ್ನ ಮೇಲೆ ಹೊತ್ತ. ಮನೆಗೆ ಬಂದದ್ದು ಬರೀ ಗೋಣಿ. ಉಪ್ಪೆಲ್ಲ ಕರಗಿ ಬೆನ್ನಿಂದ ಹಿಮ್ಮಡಿಗೆ ಇಳಿದಿತ್ತು. ಹಿಂದೆ ಊರಿನ ದನಗಳೆಲ್ಲ ನೆಕ್ಕುತ್ತಾ ಬಂದಿದ್ದವು.

"ಲೇ, ಇಂಥವನ್ನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಬೇಕು ಕಣ್ಲಾ."

"ಹೂಂ ಕಣವ್ವ, ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಆ ವಾರ ಮಗಳ ಅತ್ತೆ ಮನೆಯ ಬೀಗರು ಊಟಕ್ಕೆ ಬರುವವರಿದ್ದರು. ಹುಂಜ ತಾ ಎಂದಳು. ಡಬ್ಬಿಗೆ ಹಾಕಿದ, ಮುಚ್ಚಳ ಬಿಗಿದ. ಅವ್ವ ತೆಗೆದು ನೋಡಿದರೆ ಹುಂಜ ಕಣ್ಣು ಮೇಲೆ ಮಾಡಿಕೊಂಡಿತ್ತು. ನೀರು ಚಿಮುಕಿಸಿ, ಗಾಳಿ ಬೀಸಿ, ಸಾಯುತ್ತಿದ್ದುದನ್ನು ಬದುಕಿಸಿದಳು, ಸಾರಿಗೆ ಹಾಕುವುದಕ್ಕೆ!

"ಜೀವ ಇರೋದನ್ನ ಹಿಂಗಾ ನೋಡ್ಕೊಳ್ಳೋದು? ಬೀಗರನ್ನ ನೋಡ್ಕೊಂಡಂಗೆ ನೋಡ್ಕೋಬೇಕು. ಎಲೆ ಹಾಕಿ, ಇಷ್ಟವಾದದ್ದು ಬಡಿಸಿ, ಸಾಕು ಅಂದ್ರೂ ಇನ್ನೊಂದು ತುತ್ತು ಹಾಕ್ಬೇಕು. ತಿಳೀತಾ?"

"ಹೂಂ ಕಣವ್ವ, ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಈ ಸಲ ಪುಡಿಗೆ ಅವಳೇ ಹೋದಳು. ಹೊಂಗೆಯ ನೆರಳಲ್ಲಿ ಗೊಬ್ಬರಕ್ಕೆ ಬೆರೆಸಿ, ಮೇಲೆ ಒದ್ದೆ ಗೋಣಿ ಹೊದಿಸಿದಳು. ದಿನಾ ನೀರು ಚಿಮುಕಿಸಿದಳು. ಜೀವಾಣು ಬೆಳೆದು ಗೊಬ್ಬರದ ಮೇಲೆ ಹಸಿರು ಪುಡಿಯ ಹಾಗೆ ಕಾಣಿಸಿಕೊಂಡ ದಿನ ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಈ ವರ್ಷ ಗೆಡ್ಡೆ ಉಳಿಯಿತು ಅಂದುಕೊಂಡಳು. ಸಂತೆಗೆ ಹೊರಡುವಾಗ ಮಗನಿಗೆ ಹೇಳಿದಳು: "ಒಳಗೆ ಜೀವ ಅದೆ. ನಾ ಬರೋಗಂಟ ನೋಡ್ಕೊ."

ಸಂತೆಯಿಂದ ಬಂದರೆ ಹೊಂಗೆಯ ಕೆಳಗೆ ಮೂಗು ಬಿಡುವ ಹಾಗಿಲ್ಲ! ಗುಡ್ಡೆಯ ಸುತ್ತ ಬಾಳೆಲೆ. ಎಲೆಯ ತುಂಬ ಊರಿನ ತಿಪ್ಪೆಗಳಿಂದ ಹೆಕ್ಕಿ ತಂದ ಕೊಳೆತ ಆಲೂಗಡ್ಡೆ. ಜವರಾಯಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಬಗ್ಗಿ ಬಗ್ಗಿ ಬಡಿಸುತ್ತಿದ್ದ.

"ಏನ್ಲಾ ಇದು?"

"ಬೀಗರೂಟ ಕಣವ್ವ. ಇವಕ್ಕೆ ಕೊಳೆರೋಗ ಅಂದ್ರೆ ಇಷ್ಟ ಅಂತ ಮೇಡಂ ಹೇಳಿರ್ಲಿಲ್ವಾ?"

ಚಿಕ್ಕತಾಯಮ್ಮ ಹಣೆ ಚಚ್ಚಿಕೊಂಡಳು. ಆಮೇಲೆ ಏನೋ ಹೊಳೆದು ಮಗನ ರಟ್ಟೆ ಹಿಡಿದಳು. "ಅಟ್ಟದ ಮ್ಯಾಲಿನ ಬಿತ್ತನೆ ಗೆಡ್ಡೆ ಎಲ್ಲಿ?"

"ಎಲ್ಲಾ ಊರೋರ ಮನೇದೇ ಬಡಿಸಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ನಮ್ದನ್ನ ರಾತ್ರಿ ಊಟಕ್ಕೆ ಕೊಳೀಲಿ ಅಂತ ನೀರಿನ ತೊಟ್ಟಿಗೆ ಹಾಕಿದೀನಿ."

ಸಂತೆಯ ಚೀಲ ಅಲ್ಲೇ ಬಿಸಾಕಿ ಓಡಿದಳು. ಸೆರಗು ಕಟ್ಟಿ ತೊಟ್ಟಿಯೊಳಗೆ ಇಳಿದು, ಗೆಡ್ಡೆಯನ್ನೆಲ್ಲ ಎತ್ತಿ ಎತ್ತಿ ಹೊರಕ್ಕೆ ಹಾಕಿದಳು. ಒಂದೊಂದನ್ನೂ ಅಮುಕಿ ನೋಡಿದಳು. ಗಟ್ಟಿ! ನೆನೆದು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ಹೋದ ಜೀವ ಬಂದಂತಾಗಿ, ಒದ್ದೆ ಸೀರೆಯಲ್ಲೇ ಕೂತು ಗಟ್ಟಿಯಾಗಿ ನಗತೊಡಗಿದಳು.

ಜವರಾಯಿ ಬೀಸಣಿಗೆ ಹಿಡಿದು ಗುಡ್ಡೆಗೆ ಗಾಳಿ ಹಾಕುತ್ತಾ, ಅವಳ ಕಡೆ ತಿರುಗಿ ಕಣ್ಣು ಬಿಟ್ಟ.

"ಮೆತ್ತಗೆ ನಗವ್ವ. ಬೀಗರು ಉಂಡು ಈಗ ಮಲಗವ್ರೆ."