ಕಸ್ತೂರಿಗೆ ಹೋಳಿಗೆ ಇಷ್ಟವಿಲ್ಲ

ಮೊದಲು ನಮ್ಮ ಮನೆತನದ ವಿಷಯ ಹೇಳಿಬಿಡುತ್ತೇನೆ. ಆಮೇಲೆ ನಗುವವರು ನಗಬಹುದು.

ನಮ್ಮದು ಬಸದಿ ಬೀದಿಯ ಮೂಲೆಮನೆ. ನಾಲ್ಕು ತಲೆಮಾರಿನಿಂದ ಪಶುವೈದ್ಯರ ಮನೆ. ನಮ್ಮ ಯಜಮಾನರ ಮುತ್ತಾತ ದೇವೇಂದ್ರಯ್ಯನವರು ಅಮಲ್ದಾರರ ಕುದುರೆಯ ಬೆನ್ನುನೋವು ವಾಸಿ ಮಾಡಿದವರು. ಏನು ಬಹುಮಾನ ಬೇಕು ಎಂದು ಅಮಲ್ದಾರರು ಕೇಳಿದ್ದಕ್ಕೆ, "ಒಂದು ತಿಂಗಳು ತಾವು ಇದರ ಮೇಲೆ ಕೂರಬೇಡಿ, ಅಷ್ಟು ಸಾಕು" ಎಂದು ಎದ್ದು ಬಂದವರು. ಈ ಮನೆಯ ಗಂಡಸರು ಬೀದಿಯಲ್ಲಿ ದನಿ ಎತ್ತಿದ್ದನ್ನು ಊರು ಕಂಡಿಲ್ಲ. ನಾನೂ ಕಾನ್ವೆಂಟಿನಲ್ಲಿ ಓದಿ ಈ ಮನೆಗೆ ಸೊಸೆಯಾಗಿ ಬಂದವಳು. ಬೆನ್ನು ನೆಟ್ಟಗಿರಬೇಕು, ಮಾತು ಅಳತೆಯಲ್ಲಿರಬೇಕು, ಹೇಳಿದ್ದು ಹೇಳಿದ ಹಾಗೆ ಆಗಬೇಕು ಎಂದು ಕಲಿತವಳು.

ನಮ್ಮ ಮನೆಯ ಪ್ರಾಣಿಗಳಿಗೂ ಬುದ್ಧಿ ಇದೆ. ನಾಯಿಯ ಹೆಸರು ಡ್ಯೂಕ್. ಯಾರಾದರೂ ಬಂದು ಚಪ್ಪಲಿಯನ್ನು ಅಡ್ಡಾದಿಡ್ಡಿ ಬಿಟ್ಟರೆ ಅದು ಸಹಿಸುವುದಿಲ್ಲ. ಒಂದೊಂದನ್ನೇ ಬಾಯಲ್ಲಿ ಕಚ್ಚಿ ತಂದು, ಜೋಡಿ ಮಾಡಿ, ಗೋಡೆಗೆ ಸಾಲಾಗಿ ಇಡುತ್ತದೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಬೆಕ್ಕಿನ ಹೆಸರು ಕಸ್ತೂರಿ. ರುಚಿಸದ ತಿಂಡಿ ಇಟ್ಟರೆ ಅರಚುವುದಿಲ್ಲ, ಚೆಲ್ಲುವುದಿಲ್ಲ. ಒಮ್ಮೆ ಮೂಸುತ್ತದೆ, ಮುಂಗಾಲಿನಿಂದ ಸುತ್ತಲೂ ನೆಲ ಕೆರೆದು ಮಣ್ಣು ಮುಚ್ಚಿದ ಹಾಗೆ ಮಾಡುತ್ತದೆ, ಹೊರಟುಹೋಗುತ್ತದೆ.

ನಾಯಿಗೆ ಬುದ್ಧಿ ಇದೆ. ಬೆಕ್ಕಿಗೆ ಬುದ್ಧಿ ಇದೆ. ಇಲ್ಲದೆ ಉಳಿದವನು ನನ್ನ ಮಗ ಧರಣೇಂದ್ರನೊಬ್ಬನೇ.

ವಯಸ್ಸು ಇಪ್ಪತ್ತೊಂಬತ್ತು. ಕೆಟ್ಟವನಲ್ಲ. ಎದುರು ಮಾತಾಡುವವನಲ್ಲ. ಹೇಳಿದ್ದನ್ನು ಮಾಡುತ್ತಾನೆ. ಹೇಳಿದ್ದನ್ನೇ ಮಾಡುತ್ತಾನೆ. ಅದೇ ನನ್ನ ಗೋಳು.

ಯಜಮಾನರು ಹೋಗಿ ಆರು ವರ್ಷವಾಯಿತು. ನನಗೆ ಸಕ್ಕರೆ ಕಾಯಿಲೆ, ಮಂಡಿನೋವು. ನಾನು ಕಣ್ಣು ಮುಚ್ಚಿದರೆ ಡ್ಯೂಕ್ ಎಲ್ಲಾದರೂ ಬದುಕಿಕೊಳ್ಳುತ್ತದೆ, ಕಸ್ತೂರಿ ಬದುಕಿಕೊಳ್ಳುತ್ತದೆ. "ಏಳು, ಸ್ನಾನ ಮಾಡು, ಊಟ ಮಾಡು" ಎಂದು ಇವನಿಗೆ ಹೇಳುವವರು ಯಾರು? ಆದ್ದರಿಂದ ಇವನಿಗೆ ಮದುವೆಯಾಗಬೇಕಿತ್ತು. ಹನ್ನೊಂದು ಮನೆಯವರು ಬಂದು ನೋಡಿ ಹೋಗಿದ್ದರು, ತಿರುಗಿ ಬಂದವರಿಲ್ಲ. ನಮ್ಮ ಜೈನ ಸಮಾಜದಲ್ಲಿ ಇನ್ನು ಉಳಿದಿದ್ದು ಪಕ್ಕದೂರಿನ ಪಾಯಪ್ಪನವರ ಮನೆ ಒಂದೇ. ಅವರ ಮಗಳು ಸುಮೇಧಾ ಶಾಲೆಯ ಟೀಚರು.

ಮೊದಲು ಹುಡುಗಿಯ ಅತ್ತೆ, ಅಂದರೆ ಪಾಯಪ್ಪನವರ ಅಕ್ಕ ಮಾಣಿಕ್ಯಮ್ಮ, ಮನೆ ನೋಡಲು ಬರುತ್ತೇನೆ ಎಂದು ಹೇಳಿಕಳಿಸಿದರು. ಪಾಯಸಕ್ಕೆ ಹಾಲು ಕಾಯಿಸಿ ಕೆಳಗಿಟ್ಟೆ. ಕಸ್ತೂರಿ ಬಾಗಿಲ ಬಳಿ ಕೂತಿತ್ತು.

"ಧರಣಿ, ಬಟ್ಟೆ ಒಣಹಾಕಿ ಬರ್ತೀನಿ. ಬೆಕ್ಕನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋ!"

"ಆಗಲಮ್ಮ."

ಬಂದು ನೋಡುತ್ತೇನೆ, ಪಾತ್ರೆ ಖಾಲಿ! ಕಸ್ತೂರಿ ಮೀಸೆ ಒರೆಸಿಕೊಳ್ಳುತ್ತಿದೆ. ಇವನು ನೆಲದ ಮೇಲೆ ಅಂಗಾತ ಮಲಗಿ ಕಣ್ಣು ಉಜ್ಜಿಕೊಳ್ಳುತ್ತಿದ್ದಾನೆ.

"ಹಾಲೆಲ್ಲೋ?"

"ಹಾಲು ನೋಡು ಅನ್ನಲಿಲ್ಲ ನೀನು. ಬೆಕ್ಕಿನ ಕಣ್ಣಲ್ಲಿ ಕಣ್ಣಿಡು ಅಂದೆ. ಮೂಗಿಗೆ ಮೂಗು ತಾಗಿಸಿ ಇಟ್ಟಿದ್ದೆ ಅಮ್ಮ. ಅದು ರೆಪ್ಪೆ ಹೊಡೀಲೇ ಇಲ್ಲ! ನಾನು ಹೊಡೆದೆ. ತಕ್ಷಣ ಹೋಗಿ ಕುಡೀತು."

"ಅಯ್ಯೋ ದಡ್ಡ! ಕಣ್ಣು ನೋಡ್ತಾ ಮಲಗ್ತಾರೇನೋ? ಅಡುಗೆಮನೆ ಬಾಗಿಲಿಗೆ ಬಂದ ಕೂಡಲೇ ಕೋಲು ಕುಟ್ಟಿ 'ಛೂ ಛೂ' ಅಂತ ಬೀದಿ ತನಕ ಓಡಿಸಬೇಕು!"

"ಆಗಲಮ್ಮ. ಇನ್ನು ಮೇಲೆ ಹಾಗೇ ಮಾಡ್ತೀನಿ."

ಮಾಡಿದ. ಮಧ್ಯಾಹ್ನ ಮಾಣಿಕ್ಯಮ್ಮ ಬಂದರು. ಹಜಾರ ನೋಡಿದರು, ದೇವರ ಮನೆ ನೋಡಿದರು. "ಒಂದು ಲೋಟ ನೀರು ಕುಡೀತೀನಿ" ಎನ್ನುತ್ತಾ ಅಡುಗೆಮನೆ ಬಾಗಿಲಿಗೆ ಕಾಲಿಟ್ಟರು. ನಾನು ಹಿತ್ತಲಿನಲ್ಲಿ ಬಾಳೆಲೆ ಕೊಯ್ಯುತ್ತಿದ್ದೆ. ಟಕ ಟಕ ಟಕ ಎಂದು ಸದ್ದು ಕೇಳಿಸಿತು.

"ಛೂ! ಛೂ! ಛೂ!"

"ಏ, ಏನಯ್ಯಾ ಇದು! ನಾನು ಮಾಣಿಕ್ಯಮ್ಮ ಕಣಯ್ಯಾ!"

"ಯಾರಾದ್ರೂ ಸರಿ, ಛೂ!"

ಅರವತ್ತು ದಾಟಿದ ಹೆಂಗಸು ಸೆರಗು ಹಿಡಿದುಕೊಂಡು ಬೀದಿ ತನಕ ಓಡಿದರು. ಬಾಗಿಲಲ್ಲಿ ಕಾಲಿಗೆ ಸಿಕ್ಕಿಸಿಕೊಂಡ ಚಪ್ಪಲಿ ಒಂದು ಅಂಗಳದಲ್ಲಿ ಬಿತ್ತು, ಇನ್ನೊಂದು ಗೇಟಿನಾಚೆ. ಡ್ಯೂಕ್ ಎರಡನ್ನೂ ಹುಡುಕಿ ತಂದು ಜೋಡಿಸಿಟ್ಟಿತು. ನಾನೇ ಅವನ್ನು ಕೈಯಲ್ಲಿ ಹಿಡಿದು ಓಡಿದೆ, ಈ ಮಂಡಿನೋವಿನಲ್ಲಿ.

"ಬೆಕ್ಕನ್ನ ಓಡಿಸು ಅಂದಿದ್ದು ಕಣೋ!"

"ಬಾಗಿಲಿಗೆ ಬಂದ ಕೂಡಲೇ ಅಂದೆ ಅಮ್ಮ. ಯಾರು ಬಂದ ಕೂಡಲೇ ಅನ್ನಲಿಲ್ಲ."

"ಅಯ್ಯೋ ನನ್ನ ಕರ್ಮವೇ! ಡ್ಯೂಕನ್ನ ನೋಡಿಯಾದರೂ ಕಲಿ! ಮನೆಗೆ ಬಂದವರ ಚಪ್ಪಲಿಯನ್ನೂ ಅದು ಎಷ್ಟು ಮರ್ಯಾದೆಯಿಂದ ನೋಡಿಕೊಳ್ಳುತ್ತೆ! ಇನ್ನೊಂದು ಸಲ ಯಾರಾದರೂ ಬಂದರೆ ಡ್ಯೂಕಿನ ಹಾಗೆ ನಡ್ಕೋ!"

"ಆಗಲಮ್ಮ."

ಪಾಯಪ್ಪನವರು ಒಳ್ಳೆಯ ಮನುಷ್ಯ. "ಅಕ್ಕನನ್ನು ಓಡಿಸಬೇಕು ಎಂದು ನನಗೂ ಒಂದೊಂದು ಸಲ ಅನಿಸುತ್ತದೆ" ಎಂದು ನಕ್ಕರಂತೆ. ಮುಂದಿನ ಭಾನುವಾರ ಅಕ್ಕನನ್ನೂ ಮಗಳನ್ನೂ ಕರೆದುಕೊಂಡು ತಾವೇ ಬಂದರು. ನಾನು ಕಾಲಿಗೆ ನೀರು ಕೊಟ್ಟೆ. ಮೂವರೂ ಕಾಲು ತೊಳೆದು ತಿರುಗಿ ನೋಡಿದರೆ, ನನ್ನ ಮಗ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ನಾಲ್ಕು ಕಾಲಿನಲ್ಲಿದ್ದಾನೆ. ಬಾಯಲ್ಲಿ ಪಾಯಪ್ಪನವರ ಬಲಗಾಲಿನ ಚಪ್ಪಲಿ! ಎದುರಿಗೆ ಡ್ಯೂಕ್ ನಿಂತಿದೆ, ಅದರ ಬಾಯಲ್ಲಿ ಎಡಗಾಲಿನದು. ಇಬ್ಬರೂ ಕೂಡಿ ಜೋಡಿ ಮಾಡಿ ಗೋಡೆಗೆ ಇಟ್ಟರು.

ಮಾಣಿಕ್ಯಮ್ಮ ಬಾಯಿಗೆ ಕೈ ಇಟ್ಟುಕೊಂಡರು. "ಪಾಯಪ್ಪ, ನಡಿ ಹೋಗೋಣ!"

"ಇರಕ್ಕಾ. ಹುಡುಗನಿಗೆ ವಿನಯ ಸ್ವಲ್ಪ ಜಾಸ್ತಿ ಅಷ್ಟೆ."

"ವಿನಯ ಕೈಯಲ್ಲಿರಬೇಕು ಕಣೋ, ಬಾಯಲ್ಲಲ್ಲ!"

ಸುಮೇಧಾ ಮಾತ್ರ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಕ್ಕು ಮುಗಿಸಿ ಮಾಣಿಕ್ಯಮ್ಮನವರಿಗೆ ಹೇಳಿದಳು: "ಅತ್ತೆ, ಹೇಳಿದ್ದನ್ನ ಕೇಳುವ ಗಂಡಸನ್ನ ನಾನು ಇದೇ ಮೊದಲು ನೋಡ್ತಿರೋದು. ಸರಿಯಾಗಿ ಹೇಳೋದು ನನಗೆ ಬಿಡಿ. ಮೂರನೇ ಕ್ಲಾಸಿನ ನಲವತ್ತು ಮಕ್ಕಳಿಗೆ ಹೇಳ್ತೀನಿ, ಇವರೊಬ್ಬರು ಹೆಚ್ಚಾ?"

ಆ ಮಾತು ಕೇಳಿದ್ದೇ ಬಸದಿಯ ಕಡೆ ತಿರುಗಿ ಕೈ ಮುಗಿದೆ. ಮುಂದಿನ ವಾರ ನಾವು ಅವರ ಮನೆಗೆ ಹೋಗುವುದು, ಅಲ್ಲಿ ಮಾತು ಮುಗಿಸುವುದು ಎಂದಾಯಿತು. ಅವರು ಹೋದ ಮೇಲೆ ಇವನನ್ನು ಕೂರಿಸಿಕೊಂಡೆ.

"ನಾಯಿಯ ಹಾಗೆ ಚಪ್ಪಲಿ ಕಚ್ಚುತ್ತಾರೇನೋ?"

"ಡ್ಯೂಕಿಗೆ ಕೈ ಇಲ್ಲ ಅಮ್ಮ."

"ನಿನಗೆ ಇದೆಯಲ್ಲೋ! ಥೂ! ಡ್ಯೂಕಿನ ಸಹವಾಸ ಸಾಕು. ಆ ಕಸ್ತೂರಿಯ ಗಾಂಭೀರ್ಯ ನೋಡು! ಯಾರ ಕಾಲಿಗೂ ಎಡತಾಕಲ್ಲ. ಕರೆದ ಕೂಡಲೇ ಓಡಿಬರಲ್ಲ. ಕೊಟ್ಟಿದ್ದನ್ನೆಲ್ಲ ಗಬಗಬ ತಿನ್ನಲ್ಲ. ಅವರ ಮನೆಯಲ್ಲಿ ಕಸ್ತೂರಿಯ ಹಾಗೆ ಇರು!"

"ಆಗಲಮ್ಮ."

ಹೇಳಿದ ಮೇಲೆ ನನಗೇ ಭಯವಾಯಿತು. ಆದರೆ ಹೇಳಿಯಾಗಿತ್ತು.

ಪಾಯಪ್ಪನವರ ಮನೆಯಲ್ಲಿ ಮೊದಲು ಎಲ್ಲವೂ ಚೆನ್ನಾಗಿಯೇ ನಡೆಯಿತು. ಇವನು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅರ್ಧ ಮುಚ್ಚಿ ಕೂತ. "ಧರಣೇಂದ್ರ" ಎಂದು ಪಾಯಪ್ಪನವರು ಎರಡು ಸಲ ಕರೆದರೂ ತಿರುಗಲಿಲ್ಲ.

"ಗಂಭೀರ ಹುಡುಗ" ಎಂದರು ಪಾಯಪ್ಪನವರು.

ಇವನು ಎದ್ದು ಹೋಗಿ ಕಿಟಕಿ ಕಟ್ಟೆಯ ಮೇಲೆ, ಬಿಸಿಲು ಬೀಳುವ ಜಾಗದಲ್ಲಿ ಕಾಲು ಮಡಿಸಿ ಕೂತ.

"ಸೆಕೆ ಇಲ್ಲವೇನಪ್ಪ ಅಲ್ಲಿ?" ಎಂದರು ಪಾಯಪ್ಪನವರು. ಇವನು ಕಣ್ಣು ಪೂರ್ತಿ ಮುಚ್ಚಿದ.

ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕಲ್ಲ, ಬೇಗನೇ ಎಲೆ ಹಾಕಿದರು. ಹೋಳಿಗೆ ಮಾಣಿಕ್ಯಮ್ಮನವರ ಕೈಯದು. ಆ ಹೋಳಿಗೆಗೆ ಸುತ್ತ ಏಳು ಊರಲ್ಲಿ ಹೆಸರು. ಬೆಳಗಿನಿಂದ ಹೂರಣ ರುಬ್ಬಿದ್ದರಂತೆ, ಒಂದು ಕೈ ಊದಿಕೊಂಡಿತ್ತು. ಬಿಸಿಬಿಸಿಯಾದ ಎರಡನ್ನು ತಾವೇ ತಂದು ಇವನ ಎಲೆಗೆ ಹಾಕಿ, ತುಪ್ಪ ಬಿಟ್ಟು, ಎದುರಿಗೆ ನಿಂತರು. "ತಿನ್ನಪ್ಪ. ಓಡಿಸಿದ್ದನ್ನ ಮರೆತಿದ್ದೀನಿ."

ಇವನು ಬಗ್ಗಿದ. ಮೂಸಿದ. ಮುಖ ತಿರುಗಿಸಿದ. ಬಲಗೈಯಿಂದ ಎಲೆಯ ಸುತ್ತ ನೆಲವನ್ನು ಪರಪರ ಕೆರೆದ. ಈ ಕಡೆ ಕೆರೆದ, ಆ ಕಡೆ ಕೆರೆದ. ಹೋಳಿಗೆಯ ಮೇಲೆ ಮಣ್ಣು ಮುಚ್ಚಿದ ಹಾಗೆ ಮಾಡಿ, ಎದ್ದು, ಕಿಟಕಿಯ ಕಟ್ಟೆಗೆ ಹೊರಟುಹೋದ.

ಬೆಕ್ಕು ಸಾಕಿದ ಮನೆ ಅವರದೂ. ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

"ನನ್ನ ಹೋಳಿಗೆ ಮಣ್ಣು ಮಾಡಿದ!" ಎಂದು ಮಾಣಿಕ್ಯಮ್ಮ ಅಲ್ಲೇ ಕುಸಿದು ಕೂತು ಅತ್ತರು. ಪಾಯಪ್ಪನವರೂ ಈ ಸಲ ನಗಲಿಲ್ಲ. ನಾನು ತಲೆ ತಗ್ಗಿಸಿ ಮಗನನ್ನು ಎಳೆದುಕೊಂಡು ಹೊರಟೆ. ಬಸ್ಸಿನಲ್ಲಿ ಕೇಳಿದೆ.

"ಹೋಳಿಗೆ ಅಂದ್ರೆ ನಿನಗೆ ಪ್ರಾಣವಲ್ಲೋ?"

"ಹೌದಮ್ಮ. ಬಾಯಲ್ಲಿ ನೀರು ಬಂತು." ಅವನ ಕಣ್ಣಲ್ಲೂ ನೀರಿತ್ತು. "ಆದರೆ ಕಸ್ತೂರಿಗೆ ಹೋಳಿಗೆ ಇಷ್ಟವಿಲ್ಲ."

ಊರು ಬರುವ ತನಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ. ಪಕ್ಕದಲ್ಲಿ ಅವನೂ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತ.

ಇಪ್ಪತ್ತು ದಿನ ಸುದ್ದಿಯಿಲ್ಲ. ಆಮೇಲೆ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂತು. ಆ ದಿನ ನಮ್ಮವರೆಲ್ಲ ಬಸದಿಯಲ್ಲಿ ಸೇರುತ್ತಾರೆ. ವರ್ಷವಿಡೀ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಚಿಕ್ಕವರು ದೊಡ್ಡವರೆನ್ನದೆ ಒಬ್ಬರಿಗೊಬ್ಬರು ಕೈ ಮುಗಿಯುತ್ತಾರೆ. ಆ ದಿನ ಬೇಡಿದ ಮೇಲೆ ಇಲ್ಲ ಅನ್ನುವ ಹಾಗಿಲ್ಲ. ಹಿಂದಿನ ಸಂಜೆ ಸುಮೇಧಾ ಫೋನು ಮಾಡಿದಳು. "ಅಮ್ಮಾ, ನಾಳೆ ನಾವು ನಿಮ್ಮೂರ ಬಸದಿಗೇ ಬರ್ತೀವಿ. ಅಪ್ಪನ ಕೋಪ ಇಳಿದಿದೆ. ಇವರು ಅತ್ತೆಯ ಎದುರು ನಿಂತು ಒಂದು ಸಲ ಕ್ಷಮೆ ಕೇಳಿದರೆ ಸಾಕು, ಅಲ್ಲೇ ತಾಂಬೂಲ ಬದಲಾಯಿಸಿಬಿಡೋಣ ಅಂದಿದ್ದಾರೆ. ಕೇಳದಿದ್ದರೆ ಇಲ್ಲ."

ಬೆಳಿಗ್ಗೆ ಎದ್ದು ಇವನಿಗೆ ಸ್ನಾನ ಮಾಡಿಸಿ, ಎದುರಿಗೆ ನಿಲ್ಲಿಸಿಕೊಂಡೆ.

"ನೋಡು ಧರಣಿ. ನಾಯಿ ಬೇಡ, ಬೆಕ್ಕು ಬೇಡ. ಬಗ್ಗಬೇಡ, ಮೂಸಬೇಡ, ಕೆರೆಯಬೇಡ. ಮನುಷ್ಯರ ಹಾಗೆ ನೆಟ್ಟಗೆ ನಿಲ್ಲು."

"ಆಗಲಮ್ಮ. ನಿಂತು ಏನು ಹೇಳಲಿ?"

"ಕ್ಷಮೆ ಕೇಳಬೇಕು."

"ಅಷ್ಟೇನಾ?"

"ಅಷ್ಟೇ! ಅದು ಬಿಟ್ಟು ಒಂದು ಮಾತು ಬಾಯಿಂದ ಬರಕೂಡದು! ಅವರು ಒಪ್ಪುವ ತನಕ ಬಿಡಕೂಡದು!"

"ಆಗಲಮ್ಮ."

ಬಸದಿಯ ಅಂಗಳ ತುಂಬಿತ್ತು. ಪಾಯಪ್ಪನವರು, ಮಾಣಿಕ್ಯಮ್ಮ, ಸುಮೇಧಾ ಕಂಬದ ಬಳಿ ನಿಂತಿದ್ದರು. ಸುಮೇಧಾಳ ಕೈಯಲ್ಲಿ ತಾಂಬೂಲದ ತಟ್ಟೆ. ನಾನು ಹೆಂಗಸರ ನಡುವೆ ನಿಂತೆ. ಇವನು ನೆಟ್ಟಗೆ ನಡೆದುಹೋದ. ನೆಟ್ಟಗೆ ನಿಂತ. ಬಗ್ಗಲಿಲ್ಲ. ಕೈಯನ್ನೂ ಮುಗಿಯಲಿಲ್ಲ, ಮುಗಿ ಎಂದು ನಾನು ಹೇಳಿರಲಿಲ್ಲ.

"ಬಾರಪ್ಪ" ಎಂದರು ಪಾಯಪ್ಪನವರು. "ಏನೋ ಹೇಳಬೇಕು ಅಂತಿದ್ದೀಯಂತೆ, ಹೇಳು."

"ಕ್ಷಮೆ ಕೇಳಬೇಕು."

"ಯಾರು?"

"ಕ್ಷಮೆ ಕೇಳಬೇಕು."

ಮಾಣಿಕ್ಯಮ್ಮ ಒಂದು ಹೆಜ್ಜೆ ಮುಂದೆ ಬಂದರು. "ಯಾರಯ್ಯಾ? ನಾವಾ? ಕೋಲು ಕುಟ್ಟಿಸಿಕೊಂಡವಳು ನಾನು, ಹೋಳಿಗೆ ಮಾಡಿದವಳು ನಾನು. ನಾನು ಕೇಳಬೇಕಾ?"

"ಕ್ಷಮೆ ಕೇಳಬೇಕು."

ನಮ್ಮ ಮನೆತನದವರು ಬೀದಿಯಲ್ಲಿ ದನಿ ಎತ್ತುವುದಿಲ್ಲ ಎಂದು ಮೊದಲೇ ಹೇಳಿದೆನಲ್ಲ. ಆ ದಿನ ನಾನು ಎತ್ತಿದೆ.

"ಧರಣಿ! ನೀನು ಕೇಳೋ!"

ಅವನು ಸರಿ ಎಂದು ತಲೆಯಾಡಿಸಿದ. ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಕೇಳಿಸಿಕೊಳ್ಳಲು ಮಾಣಿಕ್ಯಮ್ಮನವರ ಕಡೆ ವಾಲಿದ. ಅವರು ಸೆರಗು ಎಳೆದುಕೊಂಡು ಹಿಂದೆ ಸರಿದರು. ಪಾಯಪ್ಪನವರು ಮಗಳ ಕೈಯಿಂದ ತಟ್ಟೆ ತೆಗೆದುಕೊಂಡು ಮೆಟ್ಟಿಲು ಇಳಿದರು. ಮಾಣಿಕ್ಯಮ್ಮ ಇಳಿದರು. ಸುಮೇಧಾ ಒಂದು ಸಲ ನನ್ನ ಕಡೆ ನೋಡಿ, ಇಳಿದಳು.

ಅವರು ಇನ್ನೂ ಒಪ್ಪಿರಲಿಲ್ಲವಲ್ಲ, ಇವನು ಬಿಡಲಿಲ್ಲ. ಅವರ ಹಿಂದೆಯೇ ಬಸ್ ನಿಲ್ದಾಣದ ತನಕ ಹೋದ. ಬಸ್ಸು ಹೊರಟಿತು. ಕಿಟಕಿಯ ಪಕ್ಕ ಓಡುತ್ತಾ, ಇಡೀ ಬಸ್ಸಿಗೆ ಕೇಳಿಸುವ ಹಾಗೆ, ನೆಟ್ಟಗೆ, ಸ್ಪಷ್ಟವಾಗಿ, ನಾನು ಹೇಳಿಕೊಟ್ಟ ಹಾಗೆಯೇ ಹೇಳಿದ:

"ಕ್ಷಮೆ ಕೇಳಬೇಕು!"