ಹಗೇದವ್ವನ ದಿಬ್ಬ

ಯರಿಬೆಣಚಿ ಊರಿನ ಮೂಡಣಕ್ಕೆ ಕಣ್ಣು ಹಾಯುವಷ್ಟು ದೂರ ಕರಿಮಣ್ಣಿನ ಬಯಲು. ಅದರ ನಡುವೆ ಎರಡಾಳೆತ್ತರದ ಒಂದು ದಿಬ್ಬವಿದೆ. ಹಳೆಯ ಬುರುಜು ಕುಸಿದು ಆದದ್ದೆಂದು ಪೇಟೆಯಿಂದ ಬಂದವರು ಬರೆದುಕೊಂಡು ಹೋಗುತ್ತಾರೆ. ಬುರುಜೂ ಇಲ್ಲ, ಗಿರುಜೂ ಇಲ್ಲ! ನಮ್ಮನ್ನು ಕೇಳಿದ್ದರೆ ಹೇಳುತ್ತಿದ್ದೆವು, ಅದು ಹಗೇದವ್ವನ ದಿಬ್ಬ. ಹಗೇದ ಎಂಬ ಅಡ್ಡಹೆಸರು ಈ ಸೀಮೆಯಲ್ಲಿ ಬಲು ಅಪರೂಪ. ಇರುವವರಲ್ಲೂ ಒಬ್ಬ ಗಾಣಿಗ, ಒಬ್ಬ ಕುರುಬ, ಇನ್ನೊಬ್ಬ ಮುಸಲ್ಮಾನ. ಅದು ಹೇಗೆಂಬುದಕ್ಕೂ ಈ ದಿಬ್ಬಕ್ಕೂ ಕಥೆ ಒಂದೇ.

ಹಿಂದೆ ಒಮ್ಮೆ, ನೆಲದೊಳಗೆ ಜೋಳ ತುಂಬಿಡುವ ದೊಡ್ಡ ಹಗೇವು ಈ ಊರಿನ ಒಂದೇ ಮನೆಯಲ್ಲಿತ್ತು. ಅದರಿಂದಲೇ ಅವರು ಹಗೇದವರಾದರು. ಒಂದು ವರ್ಷ ಬೇನೆ ಬಂದು ಆ ಮನೆಯ ಯಜಮಾನನನ್ನೂ ಇಬ್ಬರು ಗಂಡುಮಕ್ಕಳನ್ನೂ ಒಯ್ದಿತು. ಉಳಿದವಳು ಯಜಮಾನನ ಹೆಂಡತಿ ಕಾಶವ್ವ ಒಬ್ಬಳೇ. ತನ್ನೊಂದಿಗೆ ಮನೆಯ ಹೆಸರೂ ಮಣ್ಣಾಗುತ್ತದಲ್ಲ ಎಂದು ಆಕೆ ಒಳಗೊಳಗೇ ಬೆಂದಳು. ಅಯ್ಯೋ, ಆ ಸಂಕಟ ಯಾರಿಗೂ ಬೇಡ. ಮುಂದೆ ಎರಡು ವರ್ಷ ಮುಗಿಲು ಮುನಿಯಿತು. ಮೂರನೆಯ ವರ್ಷ ಮಳೆ ಬಂದು ನೆಲ ಹದವಾದಾಗ ಯಾರ ಮನೆಯಲ್ಲೂ ಬಿತ್ತಲು ಕಾಳಿಲ್ಲ. ಬೀಜದ ಜೋಳವನ್ನೂ ಜನ ತಿಂದು ಮುಗಿಸಿದ್ದರು. ಹಗೇವಿನಲ್ಲಿ ಇನ್ನೂ ಜೋಳವಿದ್ದ ಕಾಶವ್ವನ ಅಂಗಳಕ್ಕೆ ಊರೆಲ್ಲ ಬಂದು, ಸುಗ್ಗಿಯಲ್ಲಿ ಒಂದಕ್ಕೆರಡು ತಂದುಕೊಡುತ್ತೇವೆ ಎಂದಿತು.

"ಜ್ವಾಳ ಹೊಳ್ಳಿ ಕೊಡಬ್ಯಾಡ್ರಿ," ಎಂದಳಂತೆ ಕಾಶವ್ವ. "ನಮ್ಮ ಮನೀ ಹೆಸರು ನೀವು ಹಚ್ಚಿಕೊಳ್ರಿ, ನಿಮ್ಮ ಮಕ್ಕಳಿಗೂ ಹಚ್ಚರಿ. ಅಷ್ಟ ಸಾಕು."

ಜನ ಮುಖ ಮುಖ ನೋಡಿಕೊಂಡರು. ಕುಲ ಬೇರೆ, ದೇವರು ಬೇರೆ, ಹೆಸರು ಮಾತ್ರ ಒಂದೇ ಆಗುವುದುಂಟೇ ಎಂದು ಹಿರಿಯರು ತಲೆ ಕೊಡವಿದರು. ಕೆಲವರು ಬರಿಗೈಯಲ್ಲಿ ಮನೆಗೂ ಹೋದರು. ಅತ್ತ ಹೊಲದ ಹಸಿ ಆರುತ್ತಿತ್ತು. ಆಗ ಅರಳೆ ಹಿಂಜುತ್ತ ತುಂಡು ಹೊಲ ಮಾಡಿಕೊಂಡಿದ್ದ ಮೀರಾಸಾಬ ಮುಂದೆ ಬಂದು ಚೀಲದ ಬಾಯಿ ಬಿಚ್ಚಿ ಹಿಡಿದ. "ಹಾಕಬೇ ಯವ್ವಾ. ಇವತ್ತಿನಿಂದ ನಾ ಮೀರಾಸಾಬ ಹಗೇದ." ಅವನ ಹಿಂದೆ ಗಾಣಿಗರವನು, ಕುರುಬರವನು, ಸಂಜೆಯೊಳಗೆ ಇಪ್ಪತ್ತೊಂದು ಮನೆಗಳಾದವು.

ಆ ವರ್ಷ ತೆನೆಯ ಭಾರಕ್ಕೆ ದಂಟು ಬಾಗಿತ್ತು ಎನ್ನುತ್ತಾರೆ. ಬರಬರುತ್ತ ಹೆಸರೂ ಊರು ದಾಟಿತು. ಒಂದು ಮನೆಯವರು ಗಜೇಂದ್ರಗಡಕ್ಕೆ ನೇಯಲು ಹೋದರು, ಇನ್ನೊಂದು ಮನೆಯವರು ಕುರಿ ಹೊಡೆದುಕೊಂಡು ತುಂಗಭದ್ರೆಯ ಆಚೆ ನೆಲೆ ನಿಂತರು. ಕಾಶವ್ವ ತೀರಿಕೊಂಡ ದಿನ ಕುಣಿ ತೋಡಿಯಾಗಿತ್ತು. ಮೊದಲ ಹಿಡಿ ಮಣ್ಣು ಹಾಕಲು ಮಗನಿಲ್ಲವಲ್ಲ ಎಂದು ಊರು ತಡವರಿಸಿತು. ಅಷ್ಟರಲ್ಲಿ ಊರಲ್ಲಿ ಉಳಿದಿದ್ದ ಹಗೇದ ಮನೆಯವರೆಲ್ಲ ಸೆರಗಿನಲ್ಲಿ, ಹೆಗಲ ಮೇಲಿನ ವಲ್ಲಿಯಲ್ಲಿ ತಮ್ಮ ತಮ್ಮ ಹೊಲದ ಮಣ್ಣು ಕಟ್ಟಿಕೊಂಡು ಬಂದರು. ಸುದ್ದಿ ತಡವಾಗಿ ಮುಟ್ಟಿದ ದೂರದವರು ತಿಂಗಳುಗಟ್ಟಲೆ ತರುತ್ತಲೇ ಇದ್ದರು. ಹಾಗೆ ಸಮಾಧಿಯೇ ದಿಬ್ಬವಾಯಿತು.

ಇಂದಿಗೂ ಮಳೆಯ ಮರುದಿನ ಹೋದವರಿಗೆ ಅದರ ಮೈಮೇಲೆ ಕೆಂಪು, ಬೂದು, ಸುಣ್ಣದ ಬಿಳುಪಿನ ಗೆರೆಗಳು ಕಾಣುತ್ತವೆ. ಹಗೇದ ಮನೆಯಲ್ಲಿ ಎಲ್ಲಿ ಕೂಸು ಹುಟ್ಟಿದರೂ ಅಲ್ಲಿನ ಒಂದು ಹಿಡಿ ಮಣ್ಣು ಇಲ್ಲಿಗೆ ಬರಬೇಕು. ಹೋದ ಶ್ರಾವಣದಲ್ಲಿ ಸೊಲ್ಲಾಪುರದ ಲಾರಿ ಡ್ರೈವರ್ ರಾಜೇಸಾಬ ಹಗೇದ ಬಂದಿದ್ದ. ಊಟದ ಡಬ್ಬಿಯಲ್ಲಿ ತಂದ ಮಣ್ಣನ್ನು ದಿಬ್ಬದ ಮೇಲೆ ಸುರಿದು, ಕಿವಿ ಮಂದವಾದ ಮುದುಕಿಗೆ ಹೇಳುವಂತೆ ಗಟ್ಟಿಯಾಗಿ ಕೂಗಿ ಹೇಳಿದ:

"ಯವ್ವಾ, ನಿನಗ ಮೊಮ್ಮಗಳು ಹುಟ್ಟ್ಯಾಳ ನೋಡ!"