ದೊರೆ ಕಾಫಿ ಬೀಜ ಮಾರಲು ಹೋದದ್ದು

ಬಾನಗುಂದಿಯ ದೊರೆ ಚಿಕ್ಕಮಲ್ಲರಾಯನಿಗೆ ಹೊಟ್ಟೆಗೆ ಕಾಫಿ ಇಳಿಯದೆ ತಲೆಗೆ ರಾಜ್ಯಭಾರ ಏರುತ್ತಿರಲಿಲ್ಲ. ಮೊದಲ ಲೋಟಕ್ಕೆ ಮುಂಚೆ ದೂರು ತಂದರೆ ವಾದಿ ಪ್ರತಿವಾದಿ ಇಬ್ಬರಿಗೂ ಶಿಕ್ಷೆ. ಎರಡನೆಯ ಲೋಟ ಆದಮೇಲೆ ತಂದರೆ ಇಬ್ಬರಿಗೂ ಬಹುಮಾನ. ಊರವರು ಲೋಟ ಎಣಿಸಿಕೊಂಡೇ ಅರಮನೆಯ ಮೆಟ್ಟಿಲು ಹತ್ತುತ್ತಿದ್ದರು.

ಒಂದು ದಿನ ಎರಡನೆಯ ಲೋಟದ ಹೊತ್ತಿಗೆ ಗುಡ್ಡದ ದ್ಯಾವಕ್ಕ ಬಂದು ಕೈಮುಗಿದಳು. ಅವಳಿಗಿದ್ದದ್ದು ಮುನ್ನೂರು ಕಾಫಿ ಗಿಡ, ಅಷ್ಟೇ.

"ಬುದ್ಧೀ, ಅರಮನೆಗೆ ಸೌದೆ ಬೇಕಾ? ನಾಳಿದ್ದು ನನ್ನ ಕಾಫಿ ಗಿಡಾನೆಲ್ಲ ಕಡಿದು ಹಾಕ್ತೀನಿ. ಅಗ್ಗಕ್ಕೆ ಕೊಡ್ತೀನಿ."

ದೊರೆ ಲೋಟ ಕೆಳಗಿಟ್ಟ. "ಕಾಫಿ ಗಿಡ ಕಡೀತೀಯಾ? ಯಾಕಮ್ಮ?"

"ಪರ್ವತಯ್ಯ ಸಾಹುಕಾರ್ರು ಮಣಕ್ಕೆ ಎರಡು ಹಣ ಕೊಡ್ತಾರೆ. ಹಣ್ಣು ಬಿಡಿಸೋ ಕೂಲಿಗೇ ಮೂರಾಗುತ್ತೆ. ಸೌದೆಗಾದ್ರೆ ಗಿರಾಕಿ ಇದಾರೆ."

ಅರಮನೆಗೆ ಕಾಫಿ ಬೀಜ ಒದಗಿಸುತ್ತಿದ್ದ ಪರ್ವತಯ್ಯ ಅಲ್ಲೇ ಕೂತಿದ್ದ. ಅವನು ನಕ್ಕುಬಿಟ್ಟ. "ಮಹಾಸ್ವಾಮಿ, ಇವರ ಬೀಜಾನ ಎಮ್ಮೆ ಕೂಡ ಮೂಸಲ್ಲ. ಪಾಪ ಅಂತ ಕೊಳ್ತೀನಿ. ತಮಗೆ ಅಂತ ನಾನು ತರಿಸೋದು ಏಳು ಬೆಟ್ಟದಾಚೆಯ ಬೀಜ. ಅದಕ್ಕೇ ಮಣಕ್ಕೆ ಇಪ್ಪತ್ತು ಹಣ. ರುಚಿ ನೋಡೋದ್ರಲ್ಲಿ ಈ ನಾಲಿಗೆ ಇವತ್ತಿನವರೆಗೆ ತಪ್ಪಿದ್ದಿಲ್ಲ!"

ದೊರೆಯ ಪಕ್ಕದಲ್ಲಿದ್ದ ವಿದೂಷಕ ಚೆಲುವಯ್ಯನಿಗೆ ಸುಮ್ಮನಿರಲಾಗಲಿಲ್ಲ. "ಇವರಿಂದ ಕೊಂಡ ಬೀಜ ಏನ್ಮಾಡ್ತೀರಿ ಸಾಹುಕಾರ್ರೇ?"

"ಕೆರೆಗೆ ಸುರೀತೀನಿ."

"ಅದಕ್ಕೇ ಇರಬೇಕು, ನಮ್ಮ ಕೆರೆ ಮೀನುಗಳಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ."

ಸಭೆ ನಕ್ಕಿತು, ದೊರೆ ನಗಲಿಲ್ಲ. "ಚೆಲುವಯ್ಯ, ಸಾಹುಕಾರ ಸುಳ್ಳುಗಾರ ಅಂತೀಯಾ? ನಾಳೆ ಸಂಜೆಯೊಳಗೆ ತೋರಿಸು. ಇಲ್ಲದಿದ್ದರೆ ವರ್ಷವಿಡೀ ನಿನಗೆ ಕಾಫಿ ಬಂದ್. ಬರೀ ಗಂಜಿ ತಿಳಿ!"

ಚೆಲುವಯ್ಯ ಗಂಜಿಗೆ ಒಗ್ಗುವವನಲ್ಲ. ಅವನೂ ದಿನಕ್ಕೆ ನಾಲ್ಕು ಲೋಟದ ಆಸಾಮಿ. ಹೆಬ್ಬಾಗಿಲಿನವರೆಗೆ ದ್ಯಾವಕ್ಕನ ಹಿಂದೆ ಓಡಿದ.

"ಅಕ್ಕಾ, ಸಾಹುಕಾರ ಬೀಜ ಹೇಗೆ ಕೊಳ್ತಾನೆ, ಸ್ವಲ್ಪ ಬಿಡಿಸಿ ಹೇಳು."

"ಬಗ್ಗಿಸಿದ ತಲೆ ಎತ್ತಲ್ಲ ಕಣಪ್ಪ. ಮೂಟೆ ನೋಡ್ತಾನೆ, ಮುಖ ನೋಡಲ್ಲ. ಮುಖ ನೋಡಿದ್ರೆ ಮರುಕ ಹುಟ್ಟುತ್ತಂತೆ, ಮರುಕ ಹುಟ್ಟಿದ್ರೆ ಬೆಲೆ ಏರುತ್ತಂತೆ. ಹನ್ನೆರಡು ವರ್ಷದಿಂದ ಮಾರ್ತಿದೀನಿ, ದಾರೀಲಿ ಸಿಕ್ಕಿದ್ರೆ ನಾನ್ಯಾರು ಅಂತ ಗೊತ್ತಾಗಲ್ಲ ಅವನಿಗೆ."

ಚೆಲುವಯ್ಯನಿಗೆ ಹೋದ ಜೀವ ಬಂದಂತಾಯಿತು.

ಮರುದಿನ ಬೆಳಗ್ಗೆ ಅವನು ಸಾಹುಕಾರನೇ ಅರಮನೆಗೆ ಕಳಿಸಿದ್ದ ಬೀಜವನ್ನು ಹರಕು ಚೀಲಕ್ಕೆ ತುಂಬಿ ದೊರೆಯ ಹೆಗಲ ಮೇಲಿಟ್ಟ. ತಲೆಗೊಂದು ಕಂಬಳಿಯ ಕೊಪ್ಪೆ ಹಾಕಿ, "ಇದನ್ನ ಸಾಹುಕಾರ್ರಿಗೇ ಮಾರೋಣ ಬನ್ನಿ ಪ್ರಭೂ," ಎಂದ.

"ಹತ್ತು ವರ್ಷದಿಂದ ದಿನಾ ನನ್ನೆದುರು ಕೂರೋನು ಕಣೋ! ಕಂಬಳಿ ಹೊದ್ದರೆ ಗುರುತು ಸಿಗಲ್ವೇ?"

"ಸಿಕ್ಕರೆ ನನ್ನ ಮೀಸೆ ಬೋಳಿಸಿ ಪ್ರಭೂ."

ದೊರೆ ಕಂಬಳಿ ಹೊದ್ದನೇ ಹೊರತು ಕಾಲಿನ ಜರಿ ಚಪ್ಪಲಿ ಬಿಡಲು ಮರೆತ. ಸಾಹುಕಾರ ಬೀಜ ಕೊಳ್ಳುವ ಮಂಡಿಯ ಮುಂದೆ, ಕೊನೆಯ ಮೂಟೆ ತಂದಿದ್ದ ದ್ಯಾವಕ್ಕನೂ ಸೇರಿ, ಸಾಲು ನಿಂತಿದ್ದ ರೈತರೆಲ್ಲ ಅವನನ್ನು ನೋಡಿ ಅಡ್ಡಬೀಳಲು ಹೊರಟರು. ಚೆಲುವಯ್ಯ ಬಾಯಿ ಮೇಲೆ ಬೆರಳಿಟ್ಟು ಸನ್ನೆ ಮಾಡಿದ ಮೇಲೆ ಅವರು ನಗು ತಡೆಯಲಾರದೆ ಸೆರಗು, ಟವಲು ಬಾಯಿಗೆ ತುರುಕಿಕೊಂಡರು.

ದ್ಯಾವಕ್ಕನ ಮೂಟೆ ಒಳಗೆ ಹೋದಮೇಲೆ ದೊರೆಯ ಸರದಿ ಬಂತು; ಅವನು ಇಳಿಸಿದ ಚೀಲದ ಹಿಂದೆ ಜರಿ ಚಪ್ಪಲಿ ಮರೆಯಾಯಿತು. ಸಾಹುಕಾರ ತಲೆ ಬಗ್ಗಿಸಿಕೊಂಡೇ ಒಂದು ಹಿಡಿ ಬೀಜ ಹುರಿದು, ಕುಟ್ಟಿ, ಬಿಸಿನೀರು ಹೊಯ್ದು ಒಂದು ಗುಟುಕು ಹೀರಿದ.

"ಥೂ! ಕಷಾಯ! ಎಲ್ಲಿ ಹೆಕ್ಕಿಕೊಂಡು ಬಂದ್ಯೋ ಇದನ್ನ?"

"ಏಳು ಬೆಟ್ಟದಾಚೆಯ ಬೀಜ ಕಣಯ್ಯಾ!" ಎಂದ ದೊರೆ, ದನಿ ಬದಲಿಸಿ.

"ಏಳು ಬೆಟ್ಟವಂತೆ! ಹೇಳೋಕೊಬ್ಬ, ಕೇಳೋಕೊಬ್ಬ. ಎರಡು ಹಣ ಕೊಡ್ತೀನಿ, ಇಟ್ಟು ಹೋಗು."

"ನಾನು ಇಪ್ಪತ್ತು ಕೊಟ್ಟು ಕೊಂಡಿದೀನಿ!"

"ಈ ಕಸಕ್ಕೆ ಇಪ್ಪತ್ತು ಕೊಟ್ಟ್ಯಾ? ನಿನ್ನಂಥ ಪೆದ್ದ ಈ ಸೀಮೆಯಲ್ಲೇ ಇಲ್ಲ ಬಿಡು. ನಿಮ್ಮಪ್ಪ ನಿನಗೆ ಏನೂ ಕಲಿಸಲಿಲ್ಲವೇನೋ?"

ದೊರೆಯ ಮೀಸೆ ಕುಣಿಯತೊಡಗಿತು. ಅಷ್ಟರಲ್ಲಿ ಮಂಡಿಯ ಹಿಂದುಗಡೆ ಕಣ್ಣು ಹೋಯಿತು. ಅಲ್ಲಿ ಆಳುಗಳು ಈಗಷ್ಟೇ ಕೊಂಡ ದ್ಯಾವಕ್ಕನ ಬೀಜವನ್ನು ಅರಮನೆಯ ಕೆಂಪು ಪಟ್ಟಿಯ ಚೀಲಗಳಿಗೆ ಸುರಿಯುತ್ತಿದ್ದರು. ಏಳು ಬೆಟ್ಟ ಎಂದರೆ ಮಂಡಿಯ ಹಿಂಬಾಗಿಲು!

"ಸಾಹುಕಾರ್ರೇ, ಒಂದ್ಸಲ ತಲೆ ಎತ್ತಿ ಮಾರೋನ ಮುಖ ನೋಡಿ," ಎಂದ ಚೆಲುವಯ್ಯ.

"ಮುಖ ನೋಡಿದ್ರೆ ಬೆಲೆ ಏರುತ್ತಯ್ಯಾ."

"ಈ ಮುಖ ನೋಡಿದ್ರೆ ಜ್ವರ ಏರುತ್ತೆ, ನೋಡಿ."

ಸಾಹುಕಾರ ತಲೆ ಎತ್ತಿದ. ತಟ್ಟನೆ ಎದ್ದು, ಮಿಕ್ಕಿದ್ದ ಕಾಫಿಯನ್ನೆಲ್ಲ ಒಂದೇ ಗುಟುಕಿಗೆ ಕುಡಿದ. "ಮ... ಮಹಾಸ್ವಾಮೀ! ಅಮೃತ! ಈಗ ರುಚಿ ಹತ್ತಿತು! ಇಪ್ಪತ್ತು ಕೊಡಬಹುದು!"

"ಭೇಷ್! ಬೆಲೆ ನೀನೇ ಕಟ್ಟಿದೆ," ಎಂದ ದೊರೆ. "ಈ ಸಾಲಿನಲ್ಲಿರೋದೂ ಇದೇ ಬೀಜವೇ. ಇವತ್ತು ಎಲ್ಲರಿಗೂ ಇಪ್ಪತ್ತರಂತೆ ಎಣಿಸಿ ಕೊಡು. ನಾಳೆಯಿಂದ ಅರಮನೆ ಬೆಳೆದವರ ಕೈಯಿಂದಲೇ ಕೊಳ್ಳುತ್ತೆ. ದ್ಯಾವಕ್ಕ, ನಿನ್ನ ಬೆಲೆ ಹೇಳಮ್ಮ."

"ಹನ್ನೆರಡು, ಬುದ್ಧೀ."

"ಇಪ್ಪತ್ತು ಕೊಡ್ತಿದ್ದೆನಲ್ಲ?"

"ಇಪ್ಪತ್ತು ಕೇಳಿದ್ರೆ ನೀವು ಒಂದು ವರ್ಷ ಕುಡಿದು ಬಿಟ್ಟುಬಿಡ್ತೀರಿ. ಹನ್ನೆರಡಾದ್ರೆ ನಿಮಗೆ ದಿನಾ ಕಾಫಿ ಉಳಿಯುತ್ತೆ, ನನಗೆ ಗಿಡ ಉಳಿಯುತ್ತೆ."

ದೊರೆ ಒಪ್ಪಿದ. ದ್ಯಾವಕ್ಕ ಕಣ್ಣೊರೆಸಿಕೊಂಡು, ಗಿಡ ಕಡಿಯಲು ಕರೆದಿದ್ದ ಆಳಿಗೆ ಬರಬೇಡವೆಂದು ಹೇಳಲು ಓಡಿದಳು.

ಅರಮನೆಯ ದಾರಿಯಲ್ಲಿ ದೊರೆ ಇದ್ದಕ್ಕಿದ್ದಂತೆ ನಿಂತ. "ಚೆಲುವಯ್ಯ, ನಿನಗೆ ಇದೆಲ್ಲ ಮುಂಚೆಯೇ ಅನುಮಾನ ಇತ್ತು, ಅಲ್ವಾ?"

"ಇತ್ತು ಪ್ರಭೂ."

"ಮತ್ತೆ ನಾನು ಇಪ್ಪತ್ತು ಕೊಟ್ಟು ಮೋಸ ಹೋಗ್ತಿರೋ ಪೆದ್ದ ಅಂತ ಒಂದು ದಿನವೂ ಯಾಕೆ ಹೇಳಲಿಲ್ಲ?"

ಚೆಲುವಯ್ಯ ಕೈಮುಗಿದ. "ನಾನು ಹೇಳಿದ್ದರೆ ನನ್ನ ತಲೆ ಹೋಗ್ತಿತ್ತು. ಅದಕ್ಕೇ ಸಾಹುಕಾರ್ರ ಬಾಯಲ್ಲಿ ಹೇಳಿಸಿದೆ. ಸಾಲಲ್ಲಿದ್ದ ಅಷ್ಟೂ ಜನ ಸಾಕ್ಷಿ!"

ದೊರೆ ನಕ್ಕು ನಕ್ಕು ಕಂಬಳಿ ಜಾರಿಸಿಕೊಂಡ. ಅಂದಿನಿಂದ ಚೆಲುವಯ್ಯನಿಗೆ ದಿನಕ್ಕೆ ಐದು ಲೋಟ.